ಎಣ್ಣೆಯನ್ನೂ ಉರಿಸುವ ಇಂಜಿನ್

ರೋಟರಿ ಇಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ವಾಲ್ವೂ ಇಲ್ಲ. ಬದಿಗಳು ಉಬ್ಬಿದ ಮುಮ್ಮೂಲೆಯ ರೋಟರ್ ಒಂದು, ನಡು ಕೊಂಚ ಒಳಸರಿದ ಅಂಡಾಕಾರದ ಗೂಡಿನೊಳಗೆ ಸುತ್ತುತ್ತ ಗಾಳಿ ಮತ್ತು ಪೆಟ್ರೋಲನ್ನು ಎಳೆದುಕೊಂಡು, ಅದುಮಿ, ಉರಿಸಿ, ಹೊಗೆಯನ್ನು ಹೊರಗೆ ತಳ್ಳುತ್ತದೆ. ರೋಟರಿನ ಮೂರು ಮೂಲೆಗಳಲ್ಲೂ ಎರಡು ಮೂರು ಮಿಲಿಮೀಟರ್ ದಪ್ಪದ ಪಟ್ಟಿಗಳಿರುತ್ತವೆ. ಏಪೆಕ್ಸ್ ಸೀಲ್ ಎಂದು ಕರೆಯುವ ಇವು ಗೂಡಿನ ಗೋಡೆಯನ್ನು ಸದಾ ಉಜ್ಜುತ್ತಲೇ ಇರುತ್ತವೆ. ಇಂಜಿನ್ನಿನ ಆಯುಸ್ಸು ಎಂದರೆ ಬಹುಮಟ್ಟಿಗೆ ಈ ಪಟ್ಟಿಗಳ ಆಯುಸ್ಸೇ.

ಪಟ್ಟಿಗಳು ಉಜ್ಜುವ ಜಾಗಕ್ಕೆ ಇಂಜಿನ್ನಿನ ಅಡಿಯ ಎಣ್ಣೆತೊಟ್ಟಿಯಾದ ಸಂಪಿನ ಎಣ್ಣೆ ತಾನಾಗಿ ತಲುಪುವುದಿಲ್ಲ. ಅದಕ್ಕಾಗಿಯೇ ಮೀಟರಿಂಗ್ ಪಂಪ್ ಎಂಬ ಪುಟ್ಟ ಪಂಪೊಂದು ಸಂಪಿನಿಂದ ಎಣ್ಣೆಯನ್ನು ಹನಿಹನಿಯಾಗಿ ಒಳಗೆ ಬಿಡುತ್ತದೆ. ಆ ಎಣ್ಣೆ ಸೀಲುಗಳನ್ನು ನೆನೆಸಿ ಪೆಟ್ರೋಲಿನ ಜೊತೆಯಲ್ಲೇ ಉರಿದುಹೋಗುತ್ತದೆ. ಬೇರೆ ಕಾರಿನಲ್ಲಿ ಎಣ್ಣೆ ಉರಿದರೆ ರೋಗ. ಇಲ್ಲಿ ಉರಿಯದಿದ್ದರೆ ರೋಗ. ಇಂಥ ಕಾರಿಗೆ ಆಯಿಲ್ ಆರಿಸುವವರು ಅದು ಎಷ್ಟು ಚೆನ್ನಾಗಿ ಜಾರುತ್ತದೆ ಎನ್ನುವುದರ ಜೊತೆಗೆ ಎಷ್ಟು ಶುದ್ಧವಾಗಿ ಉರಿಯುತ್ತದೆ ಎಂಬುದನ್ನೂ ನೋಡಬೇಕು.

ಕನ್ನಡ ಓದುಗರಿಗೆ ಇದು ತೀರ ಅಪರಿಚಿತ ವಿಷಯವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳಿಗೆ ಪೆಟ್ರೋಲ್ ತುಂಬಿಸುವಾಗ ಲೀಟರಿಗೆ ಸುಮಾರು 30–40 ಮಿಲಿ 2ಟಿ (ಟೂ-ಸ್ಟ್ರೋಕ್) ಆಯಿಲ್ ಬೆರೆಸುತ್ತಿದ್ದ ದಿನಗಳು ಹಲವರಿಗೆ ನೆನಪಿರಬಹುದು. ರೋಟರಿಯದೂ ಅದೇ ಬುದ್ಧಿ, ಪ್ರಮಾಣ ಮಾತ್ರ ಬಹಳ ಕಡಿಮೆ.

ಜರ್ಮನಿಯ ಎನ್‌ಎಸ್‌ಯು ಕಂಪನಿ ಫೆಲಿಕ್ಸ್ ವ್ಯಾಂಕೆಲ್ ಅವರ ಈ ಇಂಜಿನ್ನನ್ನು 1964ರಲ್ಲಿ ಸ್ಪೈಡರ್ ಕಾರಿಗೆ ಇಟ್ಟಿತು. ಅದನ್ನು ಸಾಕಿ ಬೆಳೆಸಿದ್ದು ಮಾತ್ರ ಜಪಾನಿನ ಮಜ್ದಾ: 1967ರ ಕಾಸ್ಮೊ ಸ್ಪೋರ್ಟ್, 1978ರಿಂದ 2002ರವರೆಗಿನ ಆರ್‌ಎಕ್ಸ್-7, ಆಮೇಲೆ 2012ರವರೆಗೆ ಆರ್‌ಎಕ್ಸ್-8. ಭಾರತದಲ್ಲಿ ಮಜ್ದಾ ಈ ಕಾರುಗಳನ್ನು ಮಾರಲಿಲ್ಲ. ಇಲ್ಲಿರುವವು ಆಮದಾಗಿ ಬಂದವು, ಹಾಗಾಗಿ ಕೈಪಿಡಿ ಒಂದು ದೇಶದ್ದು, ಬಂಕು ಇನ್ನೊಂದು ದೇಶದ್ದು. ಗೊಂದಲ ಶುರುವಾಗುವುದು ಅಲ್ಲಿಂದಲೇ.

ಮೊದಲು ಆಕ್ಟೇನ್. ಅಮೆರಿಕದ ಕೈಪಿಡಿಯಲ್ಲಿ 87 ಎಂದಿರುವುದು ಭಾರತದ ಅಳತೆಯಲ್ಲಿ ಸುಮಾರು 91. ಅಲ್ಲಿಯ 91 ಇಲ್ಲಿಯ 95–96ರ ಆಸುಪಾಸು. ಟರ್ಬೊ ಇಲ್ಲದ ಹಳೆಯ ಆರ್‌ಎಕ್ಸ್-7ಗೆ ಇಲ್ಲಿಯ 91 ಸಾಕು. ಕೆಂಪಗೆ ಕಾಯುವ ಎಕ್ಸಾಸ್ಟ್ ವಾಲ್ವೇ ಇಲ್ಲದ್ದರಿಂದ ಈ ಇಂಜಿನ್ ಸುಲಭವಾಗಿ ಬಡಿತಕ್ಕೆ (ನಾಕಿಂಗಿಗೆ) ಬೀಳುವುದಿಲ್ಲ. ಅದಕ್ಕೆ ದುಬಾರಿ ಪೆಟ್ರೋಲ್ ಕುಡಿಸುವುದು ಮಾಲೀಕರ ಸಮಾಧಾನಕ್ಕಷ್ಟೇ. ಟರ್ಬೊ ಇರುವ ಕಾರಿನ ಮಾತು ಬೇರೆ. ಅಲ್ಲಿ ಒಮ್ಮೆ ಜೋರು ಬಡಿತ ಬಂದರೂ ಏಪೆಕ್ಸ್ ಸೀಲು ಮುರಿದು ಗೂಡನ್ನೇ ಕೆರೆದು ಹಾಕೀತು. 95ಕ್ಕಿಂತ ಕಡಿಮೆ ಅದಕ್ಕೆ ಸಲ್ಲದು. ಆರ್‌ಎಕ್ಸ್-8ಗೂ 95ರ ಮಟ್ಟವೇ ಲೇಸು.

ಸೀಸವಿಲ್ಲದ ಪೆಟ್ರೋಲಿನ ಚಿಂತೆಯೂ ಬೇಡ. ದೇಶದಲ್ಲಿ ಸೀಸ ಬೆರೆತ ಪೆಟ್ರೋಲು 2000ದ ಫೆಬ್ರವರಿಯಲ್ಲಿ ನಿಂತಾಗ, ಕೋಲ್ಕತ್ತದ ಪಕ್ಕದ ಉತ್ತರಪಾರಾದಲ್ಲಿ ತಯಾರಾದ ಹಳೆಯ ಅಂಬಾಸಡರುಗಳಂಥ ಕಾರುಗಳಿಗೆ ವಾಲ್ವಿನ ಸೀಟು ಸವೆಯುವ ಭಯವಿತ್ತು. ವಾಲ್ವೇ ಇಲ್ಲದವರಿಗೆ ಆ ಭಯವೆಲ್ಲಿಯದು!

ನಿಜವಾದ ತೊಡಕು ಎಥನಾಲ್. ನೂರರಲ್ಲಿ 20 ಪಾಲು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ದೇಶದ ಸಾಮಾನ್ಯ ಪೆಟ್ರೋಲೇ ಅದಾಯಿತು. ಎಥನಾಲ್ ಆಕ್ಟೇನನ್ನು ಏರಿಸುತ್ತದೆ, ಒಳಬರುವ ಗಾಳಿಯನ್ನು ತಂಪಾಗಿಸುತ್ತದೆ. ಇವೆರಡೂ ಒಳ್ಳೆಯ ಗುಣಗಳೇ. ಆದರೆ ಪೂರ್ತಿ ಉರಿಯಲು ಅದಕ್ಕೆ ಬೇಕಾದ ಗಾಳಿ ಕಡಿಮೆ: ಒಂದು ಕಿಲೋ ಬರಿಯ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕಾದರೆ ಇ20ಗೆ ಸುಮಾರು 13.5. ಹಳೆಯ ಕಾರ್ಬುರೇಟರಿಗೆ ಇದು ಗೊತ್ತಾಗುವುದಿಲ್ಲ. ಅದು ಮೊದಲಿನಷ್ಟೇ ಪೆಟ್ರೋಲ್ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಹೆಚ್ಚು ಕಾಯುತ್ತದೆ. ಪೆಟ್ರೋಲ್ ಹಾಯುವ ಕಿಂಡಿಯಾದ ಜೆಟ್ಟನ್ನು ಒಂದೆರಡು ಸೈಜು ದೊಡ್ಡದು ಮಾಡಿಸುವುದು ಇದಕ್ಕೆ ಮದ್ದು. ಹಳೆಯ ರಬ್ಬರ್ ಪೈಪು, ಡಯಾಫ್ರಮ್, ಗ್ಯಾಸ್ಕೆಟ್ಟುಗಳನ್ನು ಎಥನಾಲ್ ಮೆತ್ತಗೆ ಮಾಡಿ ಊದಿಸುತ್ತದೆ. ಅವನ್ನು ವೈಟಾನ್‌ನಂಥ ಫ್ಲೋರೋ ರಬ್ಬರಿನವಕ್ಕೆ ಬದಲಿಸದೆ ಇ20 ತುಂಬಿಸುವುದು ಬೆಂಕಿಯ ಜೊತೆ ಆಟ.

ದುಬಾರಿ ಪೆಟ್ರೋಲಿನಲ್ಲಿ ಎಥನಾಲ್ ಇರುವುದಿಲ್ಲ ಎಂದು ನಂಬಿಬಿಡುವುದೂ ತಪ್ಪು. ಆಕ್ಟೇನ್ ಹೆಚ್ಚೆಂಬ ಒಂದೇ ಕಾರಣಕ್ಕೆ ಎಥನಾಲ್ ಇಲ್ಲವೆಂದು ಹೇಳಲಾಗದು. ಪರೀಕ್ಷೆ ಸುಲಭ. ಗುರುತು ಹಾಕಿದ ಗಾಜಿನ ಜಾಡಿಯಲ್ಲಿ 10 ಮಿಲಿ ನೀರಿಗೆ 90 ಮಿಲಿ ಪೆಟ್ರೋಲ್ ಸುರಿದು, ಕುಲುಕಿ, ಕೆಲವು ನಿಮಿಷ ಬಿಟ್ಟರೆ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕಿಳಿಯುತ್ತದೆ. ತಳದ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 28ರ ಹತ್ತಿರಕ್ಕೆ ಏರಿದರೆ ಅದು ಇ20.

ಇನ್ನು ಆಯಿಲ್. ಬೀದಿಯಲ್ಲಿ ಓಡುವ ರೋಟರಿಗಳಿಗೆ ಮಿನರಲ್ ಆಯಿಲ್ ಎನ್ನುವುದು ಬಹುಕಾಲದ ಸಲಹೆ. ಹಳೆಯ ಸಿಂಥೆಟಿಕ್‌ಗಳು ಉರಿದ ಮೇಲೆ ಅಂಟು, ಮಸಿ ಉಳಿಸಬಹುದೆಂಬ ಗುಮಾನಿ ಅದರ ಹಿಂದಿತ್ತು. ಇಂದಿನ ಸಿಂಥೆಟಿಕ್‌ಗಳ ಬಗ್ಗೆ ಆ ಭಯಕ್ಕೆ ಅಷ್ಟು ಆಧಾರವಿಲ್ಲ. ಹಾಗಿದ್ದರೂ ಉರಿದುಹೋಗಲೆಂದೇ ಹಾಕುವ ಎಣ್ಣೆಗೆ ದುಪ್ಪಟ್ಟು ಹಣ ಸುರಿಯುವುದು ಜಾಣತನವೇನಲ್ಲ. ಒಳ್ಳೆಯ ಮಿನರಲ್ ಆಯಿಲನ್ನು 5,000 ಕಿ.ಮೀ. ದಾಟಗೊಡದೆ ಬದಲಿಸುವುದೇ ಮೇಲು. ದಪ್ಪದ ಲೆಕ್ಕದಲ್ಲಿ, ಕೋಲ್ಕತ್ತದಂಥ ಊರಿನ ಸೆಕೆಗೆ ಹಳೆಯ ಆರ್‌ಎಕ್ಸ್-7ಗೆ 20ಡಬ್ಲ್ಯು-50 ಒಪ್ಪುತ್ತದೆ. ಅಮೆರಿಕದಲ್ಲಿ ಆರ್‌ಎಕ್ಸ್-8ಗೆ ಹೇಳಿದ್ದ 5ಡಬ್ಲ್ಯು-20 ಇಲ್ಲಿಗೆ ತೀರ ತೆಳು, 5ಡಬ್ಲ್ಯು-30ಕ್ಕಿಂತ ಕೆಳಗಿಳಿಯದಿರುವುದು ಕ್ಷೇಮ.

ಮೀಟರಿಂಗ್ ಪಂಪಿನ ಮೇಲೆ ಭರವಸೆ ಇಲ್ಲದವರು ಪೆಟ್ರೋಲಿಗೇ ಲೀಟರಿಗೆ 4ರಿಂದ 8 ಮಿಲಿ 2ಟಿ ಆಯಿಲ್ ಬೆರೆಸುತ್ತಾರೆ. ಅದು ಬೂದಿ ಕಡಿಮೆ ಉಳಿಸುವ, ಜಪಾನಿನ ಜಾಸೊ ಮಾನದಂಡದ ಎಫ್‌ಸಿ ಅಥವಾ ಎಫ್‌ಡಿ ದರ್ಜೆಯದ್ದಾಗಿರಬೇಕು. ಆಯಿಲನ್ನು ಮೊದಲು ಸುರಿದು ಆಮೇಲೆ ಪೆಟ್ರೋಲ್ ತುಂಬಿಸಿದರೆ ಚೆನ್ನಾಗಿ ಬೆರೆಯುತ್ತದೆ. ಪಂಪನ್ನು ಪೂರ್ತಿ ಕಿತ್ತುಹಾಕಿ ಇದೊಂದನ್ನೇ ನಂಬುವವರೂ ಇದ್ದಾರೆ. ಒಮ್ಮೆ ಬೆರೆಸಲು ಮರೆತರೂ ಇಂಜಿನ್ ಹೋಯಿತು ಎನ್ನುವ ಈ ವ್ಯವಸ್ಥೆ ರೇಸಿಗೆ ಸರಿ, ಮನೆಯ ಕಾರಿಗಲ್ಲ.

ಗಾಡಿ ಓಡುವ ರಸ್ತೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಕೋಲ್ಕತ್ತದ ಗೋಲ್‌ಪಾರ್ಕ್‌ನಿಂದ ರವೀಂದ್ರ ಸರೋವರದ ಅಂಚಿನಲ್ಲೇ ಪಶ್ಚಿಮಕ್ಕೆ ಸಾಗುವ ಸದರ್ನ್ ಅವೆನ್ಯೂ, ದಾಖಲೆಗಳಲ್ಲಿ ಡಾ. ಮೇಘನಾದ ಸಾಹಾ ಸರಣಿ, ನೋಡಲು ಸೊಗಸಾದ ರಸ್ತೆ, ರೋಟರಿಗೆ ಮಾತ್ರ ಕಷ್ಟದ್ದು. ಇಂಜಿನ್ ಬಿಸಿಯಾಗುವ ಮುನ್ನವೇ ಓಡಾಟ ಮುಗಿದಿರುತ್ತದೆ. ಉರಿಯದ ಪೆಟ್ರೋಲ್ ಸಂಪಿಗಿಳಿದು ಆಯಿಲನ್ನು ತೆಳುವಾಗಿಸುತ್ತದೆ, ಸೀಲುಗಳ ಸುತ್ತ ಮಸಿ ಕೂರುತ್ತದೆ. ತಣ್ಣಗಿರುವ ಇಂಜಿನ್ನನ್ನು ಚಾಲೂ ಮಾಡಿ, ಗಾಡಿಯನ್ನು ನಾಲ್ಕು ಮಾರು ಸರಿಸಿ ಆರಿಸಿದರಂತೂ ಪೆಟ್ರೋಲಿನಲ್ಲಿ ನೆಂದ ಪ್ಲಗ್ಗುಗಳು ಮರುದಿನ ಕಿಡಿ ಹಾರಿಸಲಾರವು. ವಾರಕ್ಕೊಮ್ಮೆಯಾದರೂ ಹೆದ್ದಾರಿಗೆ ಒಯ್ದು, ಚೆನ್ನಾಗಿ ಬಿಸಿಯಾದ ಮೇಲೆ ಇಂಜಿನ್ನಿನ ವೇಗವನ್ನು ಮೇಲಕ್ಕೇರಿಸಿ ಓಡಿಸಿದರೆ ಮಸಿ ಉರಿದು ಹೋಗುತ್ತದೆ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಇನ್ನೊಂದು ಕಾಟವಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಸಹಿತ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಟ್ಯಾಂಕನ್ನು ತುಂಬಿಸಿ ನಿಲ್ಲಿಸಿದರೆ ಒಳಗೆ ಗಾಳಿಗೆ ಜಾಗ ಕಡಿಮೆ. ಬಹುಕಾಲ ನಿಲ್ಲಿಸುವುದಾದರೆ ಕಾರ್ಬುರೇಟರನ್ನು ಪೂರ್ತಿ ಬರಿದುಮಾಡಿಡಬೇಕು. ಓಡುವ ಕಾರಿನಲ್ಲಿ ಪ್ರತಿ ಸಲ ಪೆಟ್ರೋಲ್ ತುಂಬಿಸಿದಾಗಲೂ ಡಿಪ್‌ಸ್ಟಿಕ್ ನೋಡಬೇಕು. ಆಯಿಲ್ ಇಳಿದಿದ್ದರೆ ಪಂಪು ಕೆಲಸ ಮಾಡುತ್ತಿದೆ, ಅದೇ ಆಯಿಲನ್ನು ಸೇರಿಸಿದರಾಯಿತು. ಎರಡು ಸಾವಿರ ಕಿ.ಮೀ. ಓಡಿದರೂ ಮಟ್ಟ ಕದಲದಿದ್ದರೆ ಮೊದಲು ಮೀಟರಿಂಗ್ ಪಂಪನ್ನು, ಆಮೇಲೆ ಸಂಪಿಗೆ ಪೆಟ್ರೋಲ್ ಇಳಿದಿದೆಯೇ ಎಂಬುದನ್ನು ಪರೀಕ್ಷಿಸಬೇಕು.