ಕಾರಿನ ಎ.ಸಿ.ಗೆ ಗುಂಡಿ ಲೇಸೋ, ಪರದೆ ಲೇಸೋ?

ಗಜೇಂದ್ರಗಡದ ಕಾಲಕಾಲೇಶ್ವರ ದರ್ಶನಕ್ಕೆಂದು ಬೇಸಿಗೆಯಲ್ಲಿ ಕಾರು ಹತ್ತುವ ನಮ್ಮ ಸದಸ್ಯರು ನರಗುಂದ, ರೋಣದ ಎರೆಭೂಮಿ ದಾಟುವಾಗ ಎ.ಸಿ. ಏರಿಸದೆ ಇರಲಾರರು. ಹಳೆಯ ಕಾರಾದರೆ ಕಣ್ಣು ರಸ್ತೆಯ ಮೇಲಿರುವಾಗಲೇ ಕೈ ಗುಂಡಿಯನ್ನು ತಡವಿ ತಿರುಗಿಸುತ್ತದೆ. ಕೆಲವು ಹೊಸ ಕಾರುಗಳಲ್ಲಿ ಗುಂಡಿಯೇ ಇಲ್ಲ. ಟಚ್ ಸ್ಕ್ರೀನ್ ಎಂಬ ನುಣುಪು ಪರದೆಯಲ್ಲಿ ಚಿತ್ರ ಹುಡುಕಿ ಮುಟ್ಟಬೇಕು. ಬೆರಳಿಗೆ ಅಲ್ಲಿ ಗುರುತು ಸಿಗದು, ನೋಡಲೇಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಅತ್ತ ನೋಡಿದರೆ ಕಾರು 44 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟರಲ್ಲಿ ಕುರಿಹಿಂಡು ಅಡ್ಡ ಬಂದರೆ?

2022ರಲ್ಲಿ ಸ್ವೀಡನ್ನಿನ 'ವಿ ಬಿಲ್ಯಾಗರೆ' ಪತ್ರಿಕೆ ಇದನ್ನು 110 ಕಿ.ಮೀ. ವೇಗದಲ್ಲಿ ಪರೀಕ್ಷಿಸಿತು. ಶಾಖ, ರೇಡಿಯೋ ಮುಂತಾದವನ್ನು ಹೊಂದಿಸುವ ನಾಲ್ಕು ಕೆಲಸಗಳಿಗೆ 2005ರ ವೋಲ್ವೋದ ಗುಂಡಿಗಳಲ್ಲಿ 10 ಸೆಕೆಂಡು ಸಾಕಾಯಿತು. ಪರದೆಯ ಕಾರೊಂದಕ್ಕೆ ಸುಮಾರು 45 ಸೆಕೆಂಡು ಬೇಕಾಯಿತು. ಅದೂ ಚಾಲಕರಿಗೆ ಮೊದಲೇ ಅಭ್ಯಾಸಕ್ಕೆ ಸಮಯ ಕೊಟ್ಟ ಮೇಲೆ!

ಯುರೋಪಿನ ಯುರೋ ಎನ್‌ಕ್ಯಾಪ್ ಸಂಸ್ಥೆಯು 2026ರಿಂದ ಹಾರನ್, ವೈಪರ್, ಇಂಡಿಕೇಟರ್ ಮೊದಲಾದವಕ್ಕೆ ಪ್ರತ್ಯೇಕ ಗುಂಡಿ ಅಥವಾ ಹಿಡಿ ಇದ್ದರೆ ಮಾತ್ರ ಪೂರ್ಣ ಅಂಕವೆಂದಿದೆ. ಎ.ಸಿ. ಆ ಪಟ್ಟಿಯಲ್ಲಿಲ್ಲ. ಆದರೆ ಮಳೆಗಾಲದ ಘಾಟಿಯಲ್ಲಿ ಮುಂಗಾಜು ಮಬ್ಬಾದಾಗ ನಮಗೆ ತುರ್ತಾಗಿ ಬೇಕಾದದ್ದು ಅದೇ. ಹೊಸ ಕಾರು ಕೊಳ್ಳುವವರು ಅಂಗಡಿಯಲ್ಲೇ ಚಾಲಕನ ಸೀಟಿನಲ್ಲಿ ಕುಳಿತು, ಎದುರಿಗೇ ನೋಡುತ್ತ, ಮಬ್ಬು ಬಿಡಿಸುವ ಗುಂಡಿ ಕೈಗೆ ಸಿಗುವುದೇ ನೋಡಿಕೊಳ್ಳಲಿ. ಈಗಾಗಲೇ ಪರದೆಯ ಕಾರು ಕೊಂಡವರು ಹೊರಡುವ ಮೊದಲೇ ಎಲ್ಲ ಹೊಂದಿಸಿಕೊಳ್ಳಲಿ. ನಡುದಾರಿಯಲ್ಲಿ ಬದಲಿಸುವ ಕೆಲಸ ಪಕ್ಕದಲ್ಲಿ ಕುಳಿತವರದು.