ಆಪರೇಷನ್ ಮುಗಿಯಿತು, ಕಾಲೇಕೆ ಊದಿತು?

ಅಂಗಾಲಿನಲ್ಲೊಂದು ಕಪ್ಪು ಮಚ್ಚೆ. ಮುಳ್ಳು ಚುಚ್ಚಿರಬೇಕು, ಚಪ್ಪಲಿ ಕಡಿದಿರಬೇಕು ಎಂದು ಅರಿಸಿನ ಹಚ್ಚಿ ಸುಮ್ಮನಾಗುತ್ತೇವೆ, ಅಲ್ಲವೆ? ಅದು ಬೆಳೆದು, ಒಡೆದು, ರಕ್ತ ಒಸರಿದಾಗ ಡಾಕ್ಟರು ‘ಮೆಲನೋಮಾ’ ಎನ್ನಬಹುದು. ಚರ್ಮಕ್ಕೆ ಬಣ್ಣ ಕೊಡುವ ಕಣಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ನಮ್ಮಲ್ಲಿ ಅಪರೂಪ, ಆದರೆ ಅಂಗಾಲು, ಉಗುರಿನ ಬುಡ ಇದರ ಮೆಚ್ಚಿನ ಜಾಗ.

ಕಾಲಿನಿಂದ ಹೊರಟ ರೋಗ ಸಾಮಾನ್ಯವಾಗಿ ಮೊದಲು ತಂಗುವುದು ತೊಡೆಸಂದಿನ ದುಗ್ಧಗ್ರಂಥಿಗಳಲ್ಲಿ. ಅಲ್ಲಿ ಗಂಟು ಕಟ್ಟಿದ್ದರೆ ಗ್ರಂಥಿಗಳನ್ನೇ ತೆಗೆಯಬೇಕಾಗುತ್ತದೆ. ವಸಂತನರಸಾಪುರದ ಕಡೆಯವರಾದರೆ ತುಮಕೂರು ದಾಟಿ ಬೆಂಗಳೂರಿಗೆ, 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಆಸ್ಪತ್ರೆಯಂಥ ಕಡೆಗೆ ಹೋಗುವುದುಂಟು. ಹೊಲಿಗೆ ಬಿಚ್ಚಿಸಿ ಬಸ್ಸು ಹತ್ತಿ ಮನೆಗೆ ಬಂದರೆ ಮುಗಿಯಿತೆ? ಮನೆಯವರ ಕೆಲಸ ಶುರುವಾಗುವುದೇ ಆಗ.

ತೊಡೆಸಂದು ಮಡಿಚುವ ಜಾಗ, ಬೆವರುವ ಜಾಗ. ಗಾಯ ನಿಧಾನವಾಗಿ ಮಾಯುತ್ತದೆ. ಅಂಚು ಕಪ್ಪಾಗಬಹುದು, ಕೀವಾಗಬಹುದು, ಚರ್ಮದಡಿ ನೀರು ತುಂಬಿ ಉಬ್ಬಬಹುದು. ನಾಚಿಕೆಪಟ್ಟು ಸೀರೆಯ ಮರೆಯಲ್ಲಿ ಮುಚ್ಚಿಡಬೇಡಿ. ಆ ನೀರು ತೆಗೆಯಬೇಕಾದರೆ ಡಾಕ್ಟರೇ ತೆಗೆಯಬೇಕು. ಮನೆಯಲ್ಲಿ ಹಿಸುಕುವುದು, ಚುಚ್ಚುವುದು ಬೇಡವೇ ಬೇಡ.

ಇನ್ನು ಊತದ ಮಾತು. ತೆಂಗಿನ ತೋಟದ ಬಸಿಗಾಲುವೆ ಮುಚ್ಚಿಹೋದರೆ ಮರದ ಬುಡದಲ್ಲಿ ನೀರು ನಿಲ್ಲುವುದನ್ನು ನೋಡಿದ್ದೀರಲ್ಲ, ಕಾಲಿನದೂ ಅದೇ ಕಥೆ. ಗ್ರಂಥಿ ಹೋದ ಮೇಲೆ ದುಗ್ಧರಸ ಹರಿಯಲು ದಾರಿ ಸಾಲದು. ತಿಂಗಳುಗಳಾದ ಮೇಲೂ, ವರ್ಷಗಳಾದ ಮೇಲೂ ಬರಬಹುದು. ನೆರೆಹೊರೆಯವರು ‘ಆನೆಕಾಲು’ ಎಂದುಬಿಡುತ್ತಾರೆ! ಸೊಳ್ಳೆಯಿಂದ ಬಂದದ್ದಲ್ಲ, ಅಂಟುವುದೂ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿ.

ಎಲ್ಲರಿಗೂ ಎಲ್ಲ ಗ್ರಂಥಿ ತೆಗೆಯಲೇಬೇಕೆ? ಮೊದಲ ಗ್ರಂಥಿಯನ್ನು ಪರೀಕ್ಷಿಸಿದಾಗಷ್ಟೇ ಕ್ಯಾನ್ಸರ್ ಕಂಡವರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಉಳಿದವನ್ನೂ ತೆಗೆಸಿಕೊಂಡವರಲ್ಲಿ ನೂರಕ್ಕೆ 24 ಮಂದಿಗೆ ಊತ. ಸ್ಕ್ಯಾನಿಂಗ್ ಮಾಡಿಸುತ್ತ ಕಾದವರಲ್ಲಿ ನೂರಕ್ಕೆ 6. ಬದುಕುಳಿದವರ ಲೆಕ್ಕದಲ್ಲಿ ವ್ಯತ್ಯಾಸವಿರಲಿಲ್ಲ. ಕೈಗೆ ಗಂಟು ಸಿಕ್ಕಿದ್ದರೆ ಮಾತು ಬೇರೆ. ಡಾಕ್ಟರನ್ನು ಕೇಳಿ, ಕೇಳುವುದು ಅಗೌರವವಲ್ಲ.

ಕಾಲುಂಗುರ ಬಿಗಿಯಾಯಿತೆ? ಸಂಜೆಗೆ ಕಾಲು ಭಾರವೆ? ಹೊಲಿಗೆಯ ಟೇಪಿನಿಂದ ಎರಡೂ ಕಾಲು ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಬರಿಗಾಲಿನಲ್ಲಿ ಹಿತ್ತಲಿಗೆ ಹೋಗಬೇಡಿ. ಕಾಲು ತೊಳೆದು, ಬೆರಳ ಸಂದಿ ಒರೆಸಿ, ಒಡಕು ಬಿಡದಂತೆ ನೋಡಿಕೊಳ್ಳಿ. ಬಿಸಿ ಶಾಖ ಕೊಡುವುದು, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕುವುದು, ಇವೆರಡೂ ಸಲ್ಲದು. ಬಿಗಿಕಾಲುಚೀಲವನ್ನು ಡಾಕ್ಟರು ಅಳತೆ ನೋಡಿ ಹೇಳಿದ್ದನ್ನೇ ಹಾಕಿ. ಊದಿದ ಕಾಲಿನ ಆರೈಕೆಗೆಂದೇ ಕಾಸರಗೋಡಿನಲ್ಲಿ ಡಾ. ಎಸ್. ಆರ್. ನರಹರಿಯವರ ಚರ್ಮರೋಗ ಸಂಸ್ಥೆ ಹೆಸರು ಮಾಡಿದೆ. ಅಲ್ಲಿಗೆ ಬರುವವರಲ್ಲಿ ಆನೆಕಾಲಿನವರೇ ಬಹಳ.

ಕಾಲು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ನಾಳೆ ಎನ್ನಬೇಡಿ. ಒಂದೇ ದಿನದಲ್ಲಿ ಊದಿ ನೋಯುತ್ತಿದ್ದರೂ ಅಷ್ಟೆ, ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೊರಡಿ.

ವಸಂತನರಸಾಪುರದ ಕಾರ್ಖಾನೆಗೆ ಹೋಗುವ ಸೊಸೆಯೋ ಮಗಳೋ ಹೀಗೆ ಆಪರೇಷನ್ ಆದವಳಾದರೆ, ಶಿಫ್ಟಿನುದ್ದಕ್ಕೂ ನಿಲ್ಲುವ ಕೆಲಸ ಬೇಡವೆಂದು ಡಾಕ್ಟರಿಂದ ಚೀಟಿ ಬರೆಸಿಕೊಡಿ. ಮನೆಗೆ ಬಂದ ಮೇಲೆ ಒಂದರ್ಧ ಗಂಟೆ ಕಾಲಡಿ ಎರಡು ದಿಂಬಿಟ್ಟು ಮಲಗಲಿ. ಮುದ್ದೆ ತಿರುವಲು ಆ ದಿನ ಗಂಡನೇ ಕೂರಲಿ ಬಿಡಿ!