ಆರು ಲಕ್ಷದ ಪ್ಯಾಕೇಜು, ನಾಲ್ಕು ಜನರ ಸಂಸಾರ: ಬೆಂಗಳೂರಲ್ಲಿ ಸಾಲುತ್ತಾ?

ಪ್ಲೇಸ್‌ಮೆಂಟ್ ಸೀಸನ್ ಬಂತೆಂದರೆ ಕಾಲೇಜಿನಲ್ಲಿ ಒಂದೇ ಮಾತು: ಯಾರಿಗೆ ಎಷ್ಟು ಪ್ಯಾಕೇಜು? ಆ ಸಂಖ್ಯೆ ಊರಿಗೆ ತಲುಪಿದ ಕೂಡಲೇ ಮನೆಯಲ್ಲಿ ಇನ್ನೊಂದು ಮಾತು ಶುರುವಾಗುತ್ತೆ. "ಇನ್ನೇನು, ಎಲ್ಲರೂ ಬೆಂಗಳೂರಿಗೇ ಹೋಗಿ ಒಟ್ಟಿಗೆ ಇದ್ದುಬಿಡೋಣ." ಅಪ್ಪನಿಗೆ ಮೊದಲಿನಂತೆ ದುಡಿಯೋಕೆ ಆಗ್ತಿಲ್ಲ, ತಂಗಿಗೆ ಬೆಂಗಳೂರಲ್ಲೇ ಡಿಗ್ರಿ ಓದುವ ಆಸೆ, ಅಮ್ಮನಿಗೆ ಮಗ ಹೋಟೆಲ್ ಊಟ ಮಾಡ್ತಾನಲ್ಲ ಅನ್ನೋ ಸಂಕಟ. ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಅಂಗಡಿ ಮುಚ್ಚಿ, ಹಸು ಮಾರಿ, ಊರಿನ ಮನೆಗೆ ಬೀಗ ಹಾಕಿ ಬಂದ ಮೇಲೆ ಲೆಕ್ಕ ಕೂಡಲಿಲ್ಲ ಅಂತ ವಾಪಸ್ ಹೋಗೋದು ಸುಲಭದ ಮಾತಲ್ಲ.

ಅದಕ್ಕೇ ಈ ಸಲ ನಾವು ಒಂದು ಮಾದರಿ ಕುಟುಂಬ ಇಟ್ಟುಕೊಂಡು ಲೆಕ್ಕ ಹಾಕಿದ್ದೇವೆ. ವರ್ಷಕ್ಕೆ 6 ಲಕ್ಷ ಪ್ಯಾಕೇಜಿನ ಮೊದಲ ಕೆಲಸಕ್ಕೆ ಸೇರಿದ ಮಗ, ಅಪ್ಪ, ಅಮ್ಮ, ಡಿಗ್ರಿ ಓದುವ ತಂಗಿ. ದುಡಿಯುವವನು ಒಬ್ಬನೇ. ಬಾಡಿಗೆ, ದಿನಸಿ, ಫೀಸಿನ ಅಂಕಿಗಳು ನಾವು ಲೆಕ್ಕಕ್ಕಾಗಿ ಹಿಡಿದುಕೊಂಡವು. ಅಲ್ಲಿ ನಿಮ್ಮ ಮನೆಯ ಅಂಕಿ ಹಾಕಿಕೊಳ್ಳಿ. ಹಾಲು, ಬಸ್ಸು, ಮೆಟ್ರೋ ದರಗಳು 2025ರ ಪರಿಷ್ಕರಣೆಯವು.

ಐವತ್ತು ಸಾವಿರ ಕೈಗೆ ಬರೋದು ಎಷ್ಟು?

6 ಲಕ್ಷವನ್ನು 12ರಿಂದ ಭಾಗಿಸಿದರೆ 50,000. ಊರಲ್ಲಿ ಎಲ್ಲರೂ ಹಿಡಿದುಕೊಳ್ಳೋದು ಇದೇ ಅಂಕಿಯನ್ನು. ಆದರೆ ಸಿಟಿಸಿ ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ನಿಮ್ಮ ಸಂಬಳ ಅಲ್ಲ.

ಬೇಸಿಕ್ ಅರ್ಧದಷ್ಟು, ಅಂದರೆ ತಿಂಗಳಿಗೆ 25,000 ಅಂತ ಇಟ್ಟುಕೊಳ್ಳೋಣ. ಅದರ ಶೇ. 12ರಷ್ಟು ಕಂಪನಿಯ ಪಿಎಫ್ ಪಾಲು, ವರ್ಷಕ್ಕೆ 36,000. ಗ್ರಾಚ್ಯುಟಿ ಲೆಕ್ಕದಲ್ಲಿ ಬೇಸಿಕ್‌ನ ಶೇ. 4.81, ಅಂದರೆ 14,430. ವೇರಿಯಬಲ್ ಪೇ ಶೇ. 10 ಅಂದರೆ 60,000. ಅದು ವರ್ಷದ ಕೊನೆಗೆ ಬಂದರೆ ಬಂತು. ಇವೆಲ್ಲ ಕಳೆದರೆ ಉಳಿಯೋದು 4,89,570, ತಿಂಗಳಿಗೆ ಸುಮಾರು 40,800. ಇದರಲ್ಲಿ ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಹೋಗುತ್ತೆ. ಆದಾಯ ತೆರಿಗೆಯ ಚಿಂತೆ ಇಲ್ಲ; ಹೊಸ ಪದ್ಧತಿಯಲ್ಲಿ ಈ ಮಟ್ಟದ ಸಂಬಳಕ್ಕೆ ತೆರಿಗೆ ಸೊನ್ನೆ.

ಕೈಗೆ ಸಿಗೋದು ಸುಮಾರು 37,600. ಪಿಎಫ್ ಹಣ ಎಲ್ಲೂ ಹೋಗಿಲ್ಲ, ನಿಮ್ಮದೇ. ಆದರೆ ಅದರಿಂದ ಈ ತಿಂಗಳ ಬಾಡಿಗೆ ಕಟ್ಟೋಕಾಗಲ್ಲ.

ತಿಂಗಳ ಪಟ್ಟಿ

ಬಾಡಿಗೆ: 14,000
ನೀರು, ಮೇಂಟೆನೆನ್ಸ್: 500
ಹಾಲು: 2,070
ದಿನಸಿ, ತರಕಾರಿ, ಗ್ಯಾಸ್: 10,000
ತಂಗಿಯ ಕಾಲೇಜು ಫೀಸು (ವರ್ಷಕ್ಕೆ 60,000): 5,000
ಬಸ್ ಪಾಸ್: 1,200
ಫೋನ್, ಇಂಟರ್ನೆಟ್: 1,000
ಅಪ್ಪ ಅಮ್ಮನ ಮಾತ್ರೆ, ಔಷಧಿ: 1,500
ಒಟ್ಟು: 35,270

ಹಾಲಿನ ಲೆಕ್ಕ ನಂದಿನಿ ನೀಲಿ ಪ್ಯಾಕೆಟ್ಟಿನದು: ಲೀಟರಿಗೆ 46 ರೂಪಾಯಿ, ದಿನಕ್ಕೆ ಒಂದೂವರೆ ಲೀಟರ್. ಬಸ್ ಪಾಸ್ ಬಿಎಂಟಿಸಿ ಸಾಮಾನ್ಯ ಮಾಸಿಕ ಪಾಸ್. ತಂಗಿಗೂ ಅಮ್ಮನಿಗೂ ಶಕ್ತಿ ಯೋಜನೆಯಿಂದ ಬಸ್ ಉಚಿತ. ದುಡಿಯುವುದು ಮಗಳಾದರೆ ಆ 1,200 ಕೂಡ ಉಳಿಯುತ್ತೆ. ಕರೆಂಟ್ ಬಿಲ್ ಪಟ್ಟಿಯಲ್ಲೇ ಇಲ್ಲ, ಗೃಹಜ್ಯೋತಿ ಸಿಗುತ್ತೆ ಅಂತ ಹಿಡಿದಿದ್ದೇವೆ. ಅದರಲ್ಲಿ 200 ಯೂನಿಟ್ ಅನ್ನೋದು ಮೇಲ್ಮಿತಿ ಮಾತ್ರ. ಉಚಿತ ಸಿಗೋದು ಹಿಂದಿನ ಬಳಕೆಯ ಸರಾಸರಿಗೆ ಶೇ. 10 ಸೇರಿಸಿದಷ್ಟಕ್ಕೆ.

37,600ರಲ್ಲಿ 35,270 ಕಳೆದರೆ 2,330 ಮಿಗುತ್ತೆ. ಬಟ್ಟೆ, ಹಬ್ಬ, ಊರಿಗೆ ಓಡಾಟ, ಮದುವೆ ಮುಯ್ಯಿ ಎಲ್ಲ ಇಷ್ಟರಲ್ಲೇ. ಬಿಗಿಯಾಗಿದೆ, ಆದರೂ ನಡೆಯುತ್ತೆ ಅನ್ಸುತ್ತೆ ಅಲ್ವಾ?

ಮೊದಲ ವರ್ಷದ ಮೋಸ

ಪಟ್ಟಿಯಲ್ಲಿ ಒಂದು ಸಾಲು ಬೇಕಂತಲೇ ಬಿಟ್ಟಿದ್ದೆವು: ಎಜುಕೇಶನ್ ಲೋನ್. ಇದರ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಶುರುವಾಗಲ್ಲ. ಕುಟುಂಬ ಬೆಂಗಳೂರಿಗೆ ಬರೋದೂ ಅದೇ ವರ್ಷ. ಮನೆ ನಡೀತಿದೆ, ಸಾಲುತ್ತಿದೆ ಅಂತ ಎಲ್ಲರೂ ನಿರಾಳವಾಗಿರುವಾಗ ಬ್ಯಾಂಕಿನ ಮೆಸೇಜ್ ಬರುತ್ತೆ.

4 ಲಕ್ಷ ಸಾಲ, ಶೇ. 10 ಬಡ್ಡಿ, 7 ವರ್ಷ ಅಂದರೆ ಇಎಂಐ 6,640. ಓದುವ ಕಾಲದಲ್ಲಿ ಬೆಳೆದ ಬಡ್ಡಿ ಕಟ್ಟದೆ ಬಿಟ್ಟಿದ್ದರೆ ಅಸಲು ಇನ್ನೂ ಜಾಸ್ತಿ. ಈಗ ಖರ್ಚು 41,910. ತಿಂಗಳಿಗೆ 4,310 ಕೊರತೆ.

ಅಮ್ಮನ ಹೆಸರಿಗೆ ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಕೊರತೆ 2,310ಕ್ಕೆ ಇಳಿಯುತ್ತೆ. ಸಾಲದ ಅವಧಿಯನ್ನು 15 ವರ್ಷಕ್ಕೆ ಎಳೆಸಿಕೊಂಡರೆ ಇಎಂಐ ಸುಮಾರು 4,298. ಎರಡನ್ನೂ ಸೇರಿಸಿ ನೋಡಿದರೆ ತಿಂಗಳ ಕೊನೆಗೆ ಉಳಿಯೋದು 32 ರೂಪಾಯಿ. ಆ 32 ರೂಪಾಯಿಗೆ ಕೊಡುವ ಬೆಲೆ: 15 ವರ್ಷದಲ್ಲಿ ಬ್ಯಾಂಕಿಗೆ ಒಟ್ಟು 7.74 ಲಕ್ಷ ಕಟ್ಟಬೇಕು, 7 ವರ್ಷದ ಸಾಲಕ್ಕಾದರೆ 5.58 ಲಕ್ಷ. ಎರಡು ಲಕ್ಷಕ್ಕೂ ಮಿಕ್ಕಿ ಬರೀ ಬಡ್ಡಿ. ಇನ್ನು ಗೃಹಲಕ್ಷ್ಮಿ ಹಣ ತಡವಾಗಿ ಬಂದ ತಿಂಗಳುಗಳೂ ಇವೆ, ಆದರೆ ಬ್ಯಾಂಕಿನ ಕಂತು ಕಾಯಲ್ಲ.

ಬಾಡಿಗೆಯೊಳಗಿನ ಬಾಡಿಗೆ

ಬೇರೆ ಊರುಗಳಿಂದ ಬಂದವರಿಗೆ ಬೆಂಗಳೂರು ಮೊದಲು ಶಾಕ್ ಕೊಡೋದು ಅಡ್ವಾನ್ಸ್ ವಿಷಯದಲ್ಲಿ. ಹತ್ತು ತಿಂಗಳ ಬಾಡಿಗೆ ಕೇಳೋದು ಇಲ್ಲಿನ ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತೆ. ಆದರೆ ಅದು ಮಾದರಿ ಮಾತ್ರ, ಆಯಾ ರಾಜ್ಯ ತನ್ನದಾಗಿಸಿಕೊಂಡರೆ ಮಾತ್ರ ಅದಕ್ಕೆ ಬಲ.

ಆರು ತಿಂಗಳ ಲೆಕ್ಕದಲ್ಲಿ 84,000. "ವಾಪಸ್ ಬರುತ್ತಲ್ಲ" ಅಂತೀವಿ. ನಿಜ, ಆದರೆ ಅದೇ ಹಣ ಶೇ. 7ರ ಎಫ್‌ಡಿಯಲ್ಲಿದ್ದರೆ ತಿಂಗಳಿಗೆ 490 ಬಡ್ಡಿ ಬರುತ್ತಿತ್ತು. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದೂ ಇಲ್ಲಿನ ವಾಡಿಕೆ. ಎರಡು ವರ್ಷಕ್ಕೆ ಮನೆ ಬದಲಿಸಿದರೆ ಅದು ತಿಂಗಳಿಗೆ 583. ಅಲ್ಲಿಗೆ 14,000ದ ಮನೆಯ ನಿಜವಾದ ಬಾಡಿಗೆ ಹದಿನೈದು ಸಾವಿರದ ಮೇಲೆ. 11 ತಿಂಗಳ ಕರಾರು ಮುಗಿದಾಗ ಏರುವ ಬಾಡಿಗೆ ಬೇರೆ.

ನೀರನ್ನೂ ಕೇಳಲೇಬೇಕು. ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ನಾವು ಸಿವಿಲ್ ಪಠ್ಯದಲ್ಲಿ ಓದುವ ಮಾನದಂಡ. ನಾಲ್ವರಿಗೆ ತಿಂಗಳಿಗೆ 16,200 ಲೀಟರ್. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು: 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ. ಆ ದರದಲ್ಲೇ ಪೂರ್ತಿ ಟ್ಯಾಂಕರ್ ನಂಬಿದರೆ ತಿಂಗಳಿಗೆ 1,620. ನಮ್ಮ ಪಟ್ಟಿಯಲ್ಲಿರೋದು 500. ಮನೆ ನೋಡೋಕೆ ಹೋದಾಗ ಟೈಲ್ಸ್ ನೋಡುವ ಮೊದಲು ಕಾವೇರಿ ನೀರೋ, ಬೋರೋ, ಟ್ಯಾಂಕರೋ ಅಂತ ಕೇಳಿ.

ದೂರ ಹೋದರೆ ಅಗ್ಗವೇ?

"ಸ್ವಲ್ಪ ದೂರ ಹೋದ್ರೆ ಬಾಡಿಗೆ ಕಮ್ಮಿ" ಅನ್ನೋ ಸಲಹೆ ಎಲ್ಲರೂ ಕೊಡ್ತಾರೆ. ಸರಿ, 11,000ಕ್ಕೆ ಮನೆ ಸಿಕ್ಕಿತು, ಉಳಿತಾಯ 3,000. ಆಫೀಸು ಈಗ 30 ಕಿ.ಮೀ. ದೂರ. ತಿಂಗಳಿಗೆ 22 ದಿನ ಕೆಲಸ.

ಮೆಟ್ರೋದಲ್ಲಿ 25 ಕಿ.ಮೀ. ದಾಟಿದರೆ 90 ರೂಪಾಯಿ. 2025ರ ಫೆಬ್ರವರಿಗೆ ಮೊದಲು ಗರಿಷ್ಠ ದರ 60 ಇತ್ತು. ಸ್ಮಾರ್ಟ್ ಕಾರ್ಡಿನ ಶೇ. 5 ರಿಯಾಯಿತಿ ಕಳೆದರೂ ತಿಂಗಳಿಗೆ 3,762. ಬಸ್ ಪಾಸಿಗೆ ಹೋಲಿಸಿದರೆ 2,562 ಜಾಸ್ತಿ, ಅಂದರೆ ಬಾಡಿಗೆಯಲ್ಲಿ ಉಳಿದದ್ದರಲ್ಲಿ ಕೈಯಲ್ಲಿರೋದು 438. ಬೈಕಿನಲ್ಲಿ ಲೀಟರಿಗೆ 45 ಕಿ.ಮೀ. ಬಂದರೆ, ಪೆಟ್ರೋಲ್ 103ರ ಲೆಕ್ಕದಲ್ಲಿ 3,000 ಚಿಲ್ಲರೆ. ಸರ್ವಿಸ್, ಟೈರು ಬೇರೆ. ಪೂರ್ತಿ 3,000 ಉಳಿಸೋದು ಬಸ್ಸು ಮಾತ್ರ, ಆದರೆ ಅದು ದಿನದ ಗಂಟೆಗಳನ್ನು ತಿನ್ನುತ್ತೆ. ಆ ಗಂಟೆಗಳಲ್ಲೇ ನಾವು ಮುಂದಿನ ಒಳ್ಳೆ ಕೆಲಸಕ್ಕೆ ಓದಬೇಕಾಗಿರೋದು. ಬಾಡಿಗೆ, ಓಡಾಟ ಎರಡನ್ನೂ ಒಂದೇ ಖರ್ಚು ಅಂತ ಕೂಡಿಸಿ ನೋಡಿ.

1957ರ ಅಳತೆಗೋಲು

ಒಬ್ಬನ ದುಡಿಮೆ ಸಂಸಾರಕ್ಕೆ ಸಾಲಬೇಕು ಅಂದರೆ ಎಷ್ಟಿರಬೇಕು ಅನ್ನೋದಕ್ಕೆ ನಮ್ಮ ದೇಶದಲ್ಲಿ ಒಂದು ಸೂತ್ರವೇ ಇದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಅದನ್ನು ಕೊಟ್ಟಿತು. ದುಡಿಯುವವನು 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6, ಒಟ್ಟು 3 ಬಳಕೆ ಯೂನಿಟ್, ಪ್ರತಿ ಯೂನಿಟ್‌ಗೆ ದಿನಕ್ಕೆ 2,700 ಕ್ಯಾಲರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪ, ಇತರೆಗೆ ಶೇ. 20. ಮುಂದೆ ಸುಪ್ರೀಂ ಕೋರ್ಟ್ ರಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು, ಮದುವೆಗಳಿಗಾಗಿ ಶೇ. 25 ಸೇರಿಸಬೇಕು ಅಂದಿತು.

ಈ ಸೂತ್ರದಲ್ಲಿ ನಮ್ಮ ಮಾದರಿ ಮನೆಯ ಅಪ್ಪ ಅಮ್ಮ ಎಲ್ಲಿದ್ದಾರೆ? ಎಲ್ಲೂ ಇಲ್ಲ. ಮೂರು ಯೂನಿಟ್ಟಿನಲ್ಲಿ ಹೆಂಡತಿ ಮಕ್ಕಳಿಗೆ ಜಾಗ ಇದೆ, ಹೆತ್ತವರಿಗೆ ಇಲ್ಲ. ನಮ್ಮ ಮನೆಯ ನಾಲ್ವರೂ ದೊಡ್ಡವರು, ಮೂರು ಯೂನಿಟ್ಟಿಗೆ ಮುಗಿಯಲ್ಲ.

ಇನ್ನೊಂದು ವ್ಯತ್ಯಾಸ ಬಾಡಿಗೆಯದು. 2012ನ್ನು ಆಧಾರವಾಗಿಟ್ಟ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ನಗರಗಳ ವಸತಿಗೆ ಕೊಟ್ಟ ತೂಕ ಶೇ. 21.67. ನಮ್ಮ ಮಾದರಿ ಮನೆಯಲ್ಲಿ ಬಾಡಿಗೆಯೊಂದೇ ಕೈಗೆ ಬಂದ ಸಂಬಳದ ಶೇ. 37. ಹಣದುಬ್ಬರ ಇಳಿದಿದೆ ಅಂತ ಪೇಪರಿನಲ್ಲಿ ಬಂದರೂ ಬಾಡಿಗೆ ಮನೆಯವರಿಗೆ ಹಾಗನ್ನಿಸದೇ ಇರೋಕೆ ಇದೂ ಒಂದು ಕಾರಣ.

ಹಾಗಾದರೆ ಏನು ಮಾಡೋದು?

ಸಾಲುತ್ತಾ ಅಂದರೆ, ಸಾಲ ಇಲ್ಲದ ಮನೆಗೆ ಕಷ್ಟಪಟ್ಟು ಸಾಲುತ್ತೆ. ಕಂತು ಇರುವ ಮನೆಗೆ ಒಬ್ಬರ ದುಡಿಮೆ ಸಾಲಲ್ಲ. ಅಪ್ಪನಿಗೋ ಅಮ್ಮನಿಗೋ ಹತ್ತಿರದಲ್ಲೇ ಹತ್ತು ಸಾವಿರದ ಕೆಲಸ ಸಿಕ್ಕರೂ ಚಿತ್ರ ಬದಲಾಗುತ್ತೆ. ಆದರೆ ಊರಲ್ಲಿ ನಿಂತು ಹೋಗುವ ಆದಾಯವನ್ನೂ ಎದುರಿಗೆ ಬರೆಯಿರಿ. ಅಂಗಡಿಯಿಂದ ಬರುತ್ತಿದ್ದ ಎಂಟು ಸಾವಿರ, ಹಿತ್ತಲ ತೆಂಗಿನಕಾಯಿ, ಸ್ವಂತ ಮನೆಯ ಸೊನ್ನೆ ಬಾಡಿಗೆ, ಇವೂ ಆದಾಯವೇ. ಬೆಂಗಳೂರಿಗೆ ಬಂದ ದಿನವೇ ಅವು ನಿಲ್ಲುತ್ತವೆ.

ನಮ್ಮ ಸಲಹೆ ಇಷ್ಟೇ. ಮೊದಲ ವರ್ಷ ಪಿಜಿಯಲ್ಲೋ, ಗೆಳೆಯರ ಜೊತೆ ರೂಮಿನಲ್ಲೋ ಇರಿ. ಕಂತು ಶುರುವಾಗದಿದ್ದರೂ ಮೊದಲ ಸಂಬಳದಿಂದಲೇ 6,640 ತೆಗೆದು ಬೇರೆ ಖಾತೆಗೆ ಹಾಕಿ. ವರ್ಷಕ್ಕೆ ಸುಮಾರು 80,000 ಆಗುತ್ತೆ, ಹೆಚ್ಚುಕಮ್ಮಿ ಒಂದು ಮನೆಯ ಅಡ್ವಾನ್ಸ್. ಕಂತು ಕಟ್ಟಿ ಬದುಕೋಕೆ ಆಗುತ್ತಾ ಅನ್ನೋದೂ ಗೊತ್ತಾಗುತ್ತೆ. ಆಮೇಲೆ ಮನೆಯವರನ್ನು ಕರೆಸುವ ಮಾತು.

ಆಫರ್ ಲೆಟರ್ ಬಂದಾಗ ಮನೆಗೆ ಪ್ಯಾಕೇಜ್ ಹೇಳಬೇಡಿ, ಕೈಗೆ ಬರೋದನ್ನ ಹೇಳಿ. ಮೇಲಿನ ಪಟ್ಟಿಯ ಅಂಕಿಗಳನ್ನು ಅಳಿಸಿ ಖಾಲಿ ಕಾಗದವನ್ನು ಅಮ್ಮನ ಕೈಗೆ ಕೊಡಿ. ದಿನಸಿಯ ಸಾಲನ್ನು ನಮಗಿಂತ ಸರಿಯಾಗಿ ತುಂಬುವವರು ಅವರೇ.